ಟೋಪಿ ಉಂಟು, ಆದರೆ ಯಾರ ತಲೆಗೆ?

"ಡಾಕ್ಟ್ರೇ, ಕೂದಲು ಹೋಗ್ತದಾ?"

ಸ್ತನ ಕ್ಯಾನ್ಸರ್ ಅಂತ ಖಾತ್ರಿಯಾಗಿ, ಕೀಮೋ ಕೊಡಬೇಕು ಅಂತ ತೀರ್ಮಾನವಾದ ದಿನ ಹೆಂಗಸರು ಕೇಳುವ ಪ್ರಶ್ನೆಗಳಲ್ಲಿ ಇದು ಮೊದಲ ಸಾಲಿನದ್ದು. ಬದುಕುತ್ತೇನೋ ಇಲ್ಲವೋ ಅಂತ ಕೇಳಲು ಬಾಯಿ ಬರುವುದಿಲ್ಲ. ಕೂದಲಿನ ಹೆಸರಿನಲ್ಲಿ ಅದನ್ನೂ ಕೇಳಿದಂತಾಗುತ್ತದೆ. ಜೊತೆಗೆ ಬಂದ ಗಂಡಸರಿಗೆ ಇದು ವಿಚಿತ್ರವಾಗಿ ಕಾಣುತ್ತದೆ. "ಜೀವ ಉಳಿದರೆ ಸಾಕು, ಕೂದಲು ಎಂಥದ್ದು ಮಾರಾಯ್ತಿ" ಅನ್ನುತ್ತಾರೆ. ತಮ್ಮ ನೆತ್ತಿ ಕಾಣಿಸತೊಡಗಿದ ವರ್ಷ ತಾವೇ ಕನ್ನಡಿಯೆದುರು ಎಷ್ಟು ಹೊತ್ತು ನಿಂತಿದ್ದರು, ಯಾವ ಯಾವ ಎಣ್ಣೆ ತಂದಿದ್ದರು ಎಂಬುದು ಆ ಹೊತ್ತಿಗೆ ಅವರಿಗೆ ನೆನಪಾಗುವುದಿಲ್ಲ.

ಮಂಗಳೂರು ಆಸ್ಪತ್ರೆಗಳ ಊರು. ಅತ್ತಾವರ, ಕಂಕನಾಡಿ, ಕುಂಟಿಕಾನ, ಪಂಪ್‌ವೆಲ್, ದೇರಳಕಟ್ಟೆ ಅಂತ ಬಸ್ಸಿನ ಬೋರ್ಡಿನಲ್ಲಿ ಜಾಗದ ಹೆಸರಿದ್ದರೂ ಹತ್ತುವ ಎಷ್ಟೋ ಮಂದಿಗೆ ಅದು ಆಸ್ಪತ್ರೆಯ ಹೆಸರೇ. ಪುತ್ತೂರು, ಸುಳ್ಯ, ಬೆಳ್ತಂಗಡಿಯವರು ಬರುವುದು ಸರಿ. ಉತ್ತರ ಕನ್ನಡ, ಕೊಡಗು, ಚಿಕ್ಕಮಗಳೂರಿನವರೂ ಬರುತ್ತಾರೆ. ಗಡಿಯಾಚೆಯ ಮಂಜೇಶ್ವರ, ಕುಂಬಳೆ, ಕಾಸರಗೋಡಿನವರಿಗಂತೂ ದೊಡ್ಡಾಸ್ಪತ್ರೆ ಅಂದರೆ ಮಂಗಳೂರೇ. 2020ರ ಮಾರ್ಚಿನಲ್ಲಿ ಕೊರೊನಾ ಕಾರಣಕ್ಕೆ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ಅತ್ತಲಿನ ರೋಗಿಗಳು ಪಟ್ಟ ಪಾಡು ಜನರಿಗೆ ಇನ್ನೂ ಮರೆತಿಲ್ಲ.

ಈಗ ಕೀಮೋ ಇನ್ನಷ್ಟು ಹತ್ತಿರ ಬರುತ್ತಿದೆ. 2025ರಲ್ಲಿ ರಾಜ್ಯ ಸರಕಾರ 16 ಜಿಲ್ಲಾ ಮಟ್ಟದ ಆಸ್ಪತ್ರೆಗಳಲ್ಲಿ ಡೇ ಕೇರ್ ಕೀಮೋಥೆರಪಿ ಕೇಂದ್ರಗಳನ್ನು ತೆರೆಯಿತು. ಅದೇ ವರ್ಷದ ಕೇಂದ್ರ ಬಜೆಟ್ಟಿನಲ್ಲಿ, ಮೂರು ವರ್ಷದೊಳಗೆ ದೇಶದ ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲೂ ಇಂಥ ಕೇಂದ್ರ ಮಾಡುವ ಮಾತು ಬಂತು. ಬೆಳಿಗ್ಗೆ ಬಂದು, ಕುರ್ಚಿಯಲ್ಲಿ ಕೂತು ಡ್ರಿಪ್ಸ್ ಹಾಕಿಸಿಕೊಂಡು, ಸಂಜೆಯ ಬಸ್ಸಿಗೆ ಮನೆಗೆ. ಒಳ್ಳೆಯ ಕೆಲಸ. ದೂರದ ಊರಿನ ಲಾಡ್ಜಿನ ಬಾಡಿಗೆ ಉಳಿಯಿತು, ಕೂಲಿ ಉಳಿಯಿತು. ಆದರೆ ಹಿಂದೆ ಬೆಂಗಳೂರಿನ ಕಿದ್ವಾಯಿಗೆ ಹೋಗಿ ತಿಂಗಳುಗಟ್ಟಲೆ ಕೂತ ಹೆಂಗಸು ಊರಿನ ಕಣ್ಣಿಗೆ ಬೀಳುತ್ತಿರಲಿಲ್ಲ. ಈಗ ಚಿಕಿತ್ಸೆಯ ನಡುವೆಯೇ ಅವಳು ಊರಲ್ಲಿರುತ್ತಾಳೆ. ಅಂಗಡಿಗೆ ಬರುತ್ತಾಳೆ, ಬಸ್ಸಿನಲ್ಲಿ ನಿಲ್ಲುತ್ತಾಳೆ. ಚಿಕಿತ್ಸೆ ಊರಿಗೆ ಬಂದಾಗ ಬೋಳುತಲೆಯೂ ಊರಿಗೆ ಬಂತು.

ತಲೆ ಹೇಳುವ ಸುದ್ದಿ

ಗಡ್ಡೆ ಸೀರೆಯೊಳಗೆ ಉಳಿಯುತ್ತದೆ. ಆಪರೇಶನ್ನಿನ ಗಾಯವೂ ಬಟ್ಟೆಯೊಳಗೇ ಮಾಯುತ್ತದೆ. ಮನೆಯವರು, ಡಾಕ್ಟರು ಬಿಟ್ಟರೆ ಯಾರಿಗೂ ಗೊತ್ತಾಗದಂತೆ ಇಡಬಹುದು. ಕೂದಲು ಹಾಗಲ್ಲ. ಮೊದಲ ಕೀಮೋ ಆಗಿ ಎರಡು ಮೂರು ವಾರಕ್ಕೆ ಅದು ಬಾಚಣಿಗೆಯಲ್ಲಿ, ದಿಂಬಿನಲ್ಲಿ, ಬಚ್ಚಲಿನ ಜಾಲಿಯಲ್ಲಿ ಹಿಡಿ ಹಿಡಿಯಾಗಿ ಬರುತ್ತದೆ. ಅಲ್ಲಿಂದ ಮುಂದೆ ರೋಗದ ಸುದ್ದಿ ಅವಳ ಕೈಯಲ್ಲಿಲ್ಲ.

ಬೀಡಿ ಬ್ರಾಂಚಿನಲ್ಲಿ ಕೇಳುತ್ತಾರೆ. ಹಂಪನಕಟ್ಟೆಯ ಬಟ್ಟೆ ಅಂಗಡಿಯ ಕೌಂಟರಿನಲ್ಲಿ ನಿಂತವಳಿಗೆ ಗಿರಾಕಿಯೇ ಕೇಳುತ್ತಾಳೆ. "ಏನಕ್ಕಾ, ತಿರುಪತಿಗೆ ಹೋದದ್ದಾ? ಅಲ್ಲ, ಧರ್ಮಸ್ಥಳದಲ್ಲಿ ಮುಡಿ ಕೊಟ್ಟದ್ದಾ?" ಕೇಳುವವರಲ್ಲಿ ಕೆಟ್ಟ ಮನಸ್ಸಿಲ್ಲ. ಆದರೆ ಉತ್ತರ ಎರಡೇ. ದೇವರ ಹೆಸರಿನಲ್ಲಿ ಒಂದು ಸುಳ್ಳು, ಇಲ್ಲವೇ ಇಡೀ ಬೀದಿಗೆ ಸತ್ಯ. ಸತ್ಯ ಹೇಳಿದರೆ ಅದು ಅಲ್ಲಿಗೆ ನಿಲ್ಲುವುದಿಲ್ಲ. ಮಗಳಿಗೆ ಸಂಬಂಧ ನೋಡುವ ಕಾಲವಾದರೆ "ತಾಯಿಗೆ ಹಾಗಂತೆ" ಎಂಬ ಒಂದು ಮಾತು ಸಾಕು, ಬರಬೇಕಾದವರು ಫೋನು ಮಾಡುವುದನ್ನೇ ಬಿಡುತ್ತಾರೆ. ಸ್ತನ ಕ್ಯಾನ್ಸರಿನಲ್ಲಿ ವಂಶದಿಂದ ಬರುವಂಥದ್ದು ನೂರಕ್ಕೆ ಐದರಿಂದ ಹತ್ತು ಮಾತ್ರ ಅಂತ ಯಾವ ದಲ್ಲಾಳಿಯೂ ಹೇಳಿ ಕೂರುವುದಿಲ್ಲ.

ಇನ್ನು ಈ ಊರಿನ ಮಲ್ಲಿಗೆ. ಮದುವೆ ಮನೆಯಲ್ಲಿ ಬಾಗಿಲಲ್ಲೇ ತಟ್ಟೆಯಲ್ಲಿ ಹೂವಿಟ್ಟಿರುತ್ತಾರೆ. ಮುಡಿಯಲು ಜಡೆ ಬೇಕಲ್ಲ? ಹಿಂದೆ ಕೆಲವು ಜಾತಿಗಳಲ್ಲಿ ಗಂಡ ಸತ್ತ ಹೆಂಗಸಿನ ತಲೆ ಬೋಳಿಸುತ್ತಿದ್ದರು. ಆ ಪದ್ಧತಿ ಹೋಯಿತು. ಹೆಂಗಸಿನ ಬೋಳುತಲೆಗೆ ಅಂಟಿದ ಅರ್ಥ ಪೂರ್ತಿ ಹೋಗಿಲ್ಲ. ಬುರ್ಖಾ ಹಾಕುವವರಿಗೆ ತೊಂದರೆ ಇಲ್ಲವಲ್ಲ ಅಂತ ಕೆಲವರು ಸುಲಭದಲ್ಲಿ ಹೇಳಿಬಿಡುತ್ತಾರೆ. ಬೀದಿಯಲ್ಲಿ ಮರೆ ಉಂಟು, ನಿಜ. ಮನೆಯೊಳಗೆ ಮಕ್ಕಳೆದುರು, ಕನ್ನಡಿಯೆದುರು ಯಾವ ಮರೆಯೂ ಇಲ್ಲ.

ಇದನ್ನೆಲ್ಲ ಶೋಕಿ ಅನ್ನುವವರು ಒಂದು ಮಾತು ತಿಳಿದಿರಬೇಕು. ಕೂದಲಿನ ಹೆದರಿಕೆಗೆ ಕೀಮೋವನ್ನೇ ಮುಂದೂಡುವವರು, ಬೇಡ ಅನ್ನುವವರು ಜಗತ್ತಿನ ಎಲ್ಲ ಕಡೆ ಇದ್ದಾರೆ. 2022ರಲ್ಲಿ ಭಾರತದಲ್ಲಿ ಹೊಸದಾಗಿ ಸ್ತನ ಕ್ಯಾನ್ಸರ್ ಬಂದ ಹೆಂಗಸರು ಸುಮಾರು 1 ಲಕ್ಷ 92 ಸಾವಿರ, ಆ ವರ್ಷ ಅದರಿಂದ ಸತ್ತವರು ಸುಮಾರು 98 ಸಾವಿರ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗದ ಅಂದಾಜು. ಇಂಥ ಲೆಕ್ಕದಲ್ಲಿ ಮುಂದೂಡಿದ ಒಂದೊಂದು ತಿಂಗಳೂ ದುಬಾರಿ.

ಬಿಯರ್ ತಂಪು ಮಾಡುವವರ ಯಂತ್ರ

ಕೂದಲು ಯಾಕೆ ಉದುರುತ್ತದೆ? ಕೀಮೋ ಮದ್ದಿಗೆ ಕ್ಯಾನ್ಸರಿನ ಗುರುತಿಲ್ಲ. ಅದಕ್ಕೆ ಗೊತ್ತಿರುವುದು ಒಂದೇ: ಬೇಗ ಬೇಗ ಬೆಳೆಯುವ ಜೀವಕೋಶವನ್ನು ಹೊಡೆಯುವುದು. ತಲೆಯ ಕೂದಲಲ್ಲಿ ನೂರಕ್ಕೆ 90ರಷ್ಟು ಯಾವಾಗಲೂ ಬೆಳೆಯುವ ಹಂತದಲ್ಲೇ ಇರುತ್ತವೆ. ಹಾಗಾಗಿ ಕಳ್ಳನ ಜೊತೆಗೆ ಪಕ್ಕದ ಮನೆಯವನಿಗೂ ಪೆಟ್ಟು. ಸ್ತನ ಕ್ಯಾನ್ಸರಿಗೆ ಕೊಡುವ ಕೆಂಪು ಬಣ್ಣದ ಅಡ್ರಿಯಾಮೈಸಿನ್, ಆಮೇಲಿನ ಪ್ಯಾಕ್ಲಿಟ್ಯಾಕ್ಸೆಲ್, ಡೋಸಿಟ್ಯಾಕ್ಸೆಲ್, ಇವೆಲ್ಲ ಕೂದಲಿನ ಮಟ್ಟಿಗೆ ಜೋರು ಮದ್ದುಗಳೇ. ಸ್ತನಕ್ಕೆ ಕೊಡುವ ರೇಡಿಯೇಶನ್ನಿನಿಂದ ತಲೆಗೂದಲು ಹೋಗುವುದಿಲ್ಲ. ಅದು ಹೋಗುತ್ತದೆ ಅಂತ ಹೆದರಿ ಕೂತವರೂ ಇದ್ದಾರೆ, ಆದ್ದರಿಂದ ಹೇಳಬೇಕಾಯಿತು.

ಇದಕ್ಕೆ ತಡೆ ಉಂಟಾ ಅಂದರೆ, ಅರ್ಧ ಉಂಟು. ಮದ್ದು ಹರಿಯುವ ಹೊತ್ತಿಗೆ ತಲೆಯ ಚರ್ಮವನ್ನು ಚೆನ್ನಾಗಿ ತಂಪು ಮಾಡಿದರೆ ಅಲ್ಲಿಯ ರಕ್ತನಾಳಗಳು ಕುಗ್ಗುತ್ತವೆ. ಕೂದಲ ಬುಡಕ್ಕೆ ಹೋಗುವ ಮದ್ದು ಕಡಿಮೆಯಾಗುತ್ತದೆ, ಬುಡದ ಜೀವಕೋಶಗಳೂ ತಂಪಿಗೆ ಮಂಕಾಗಿ ಮದ್ದಿನ ಪೆಟ್ಟು ಅಷ್ಟಾಗಿ ತಾಗಿಸಿಕೊಳ್ಳುವುದಿಲ್ಲ. ಇದಕ್ಕೆ ಒಂದು ಯಂತ್ರ, ಯಂತ್ರಕ್ಕೆ ಕೊಳವೆಯಿಂದ ಸೇರಿಸಿದ ಮೃದುವಾದ ಒಂದು ಟೋಪಿ. ಟೋಪಿಯೊಳಗೆ ತಣ್ಣನೆಯ ದ್ರಾವಣ ಸುತ್ತುತ್ತಿರುತ್ತದೆ.

ಟೋಪಿ ಹಾಕುವುದು ಅಂದರೆ ಕನ್ನಡದಲ್ಲಿ ಮೋಸ ಮಾಡುವುದು. ಈ ಟೋಪಿ ಹಾಗಲ್ಲ. ಇದರ ಹಿಂದೆ ಒಂದು ಕತೆ ಉಂಟು. ಇಂಗ್ಲೆಂಡಿನ ಹಡರ್ಸ್‌ಫೀಲ್ಡ್ ಎಂಬ ಊರಲ್ಲಿ ಪ್ಯಾಕ್ಸ್‌ಮನ್ ಅಂತ ಒಂದು ಮನೆತನ. ಅವರ ಕಸುಬು ಬಿಯರ್ ತಂಪು ಮಾಡುವ ಯಂತ್ರ ತಯಾರಿಸುವುದು. 1990ರ ದಶಕದಲ್ಲಿ ಆ ಮನೆಯ ಗ್ಲೆನ್ ಪ್ಯಾಕ್ಸ್‌ಮನ್ ಎಂಬವರ ಹೆಂಡತಿ ಸೂ ಅವರಿಗೆ ಸ್ತನ ಕ್ಯಾನ್ಸರ್ ಬಂತು. ಆಗಿನ ಕಾಲದ ಐಸ್ ಟೋಪಿ ಹಾಕಿದರೂ ಕೂದಲು ಹೋಯಿತು. ಬಿಯರನ್ನು ಒಂದೇ ಹದದಲ್ಲಿ ತಂಪು ಇಡಲು ಬರುತ್ತದೆ, ತಲೆಯನ್ನು ಇಡಲು ಬರುವುದಿಲ್ಲವೇ ಅಂತ ಕೂತು ಆ ಮನೆಯವರು ಮಾಡಿದ್ದೇ ಈಗಿನ ಯಂತ್ರ. ಸ್ವೀಡನ್ನಿನವರು ಡಿಗ್ನಿಕ್ಯಾಪ್ ಅಂತ ಇನ್ನೊಂದು ಮಾಡಿದರು. ಅಮೆರಿಕದ ಸರಕಾರ 2015ರಲ್ಲಿ ಡಿಗ್ನಿಕ್ಯಾಪಿಗೂ 2017ರಲ್ಲಿ ಪ್ಯಾಕ್ಸ್‌ಮನ್ ಯಂತ್ರಕ್ಕೂ ಒಪ್ಪಿಗೆ ಕೊಟ್ಟಿತು.

ಫಲ ಎಷ್ಟು? ಅಮೆರಿಕದಲ್ಲಿ 2017ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಟೋಪಿ ಹಾಕಿದ 95 ಹೆಂಗಸರಲ್ಲಿ 48 ಮಂದಿಗೆ ಅರ್ಧಕ್ಕಿಂತ ಹೆಚ್ಚು ಕೂದಲು ಉಳಿಯಿತು. ಹಾಕದ 47 ಮಂದಿಯಲ್ಲಿ ಒಬ್ಬರಿಗೂ ಉಳಿಯಲಿಲ್ಲ. ಅದು ಬಿಳಿಯರ ತೆಳು ಕೂದಲು, ಇಲ್ಲಿಯ ದಪ್ಪ ಜಡೆಗೆ ಆದೀತೇ ಎಂಬ ಸಂಶಯ ಬರುವುದು ಸಹಜ. ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ಅದನ್ನೂ ನೋಡಿದರು. 2020ರಲ್ಲಿ ಪ್ರಕಟವಾದ ಅವರ ಲೆಕ್ಕದಲ್ಲಿ ಟೋಪಿ ಹಾಕಿದ 32 ಮಂದಿಯಲ್ಲಿ 18 ಮಂದಿಯ ಕೂದಲು ಉಳಿಯಿತು. ಹಾಕದ 17 ಮಂದಿಯದ್ದು ಸೊನ್ನೆ. ಅಂದರೆ ಇಲ್ಲಿಯ ತಲೆಗೂ ಅರ್ಧಕ್ಕರ್ಧ ಫಲ.

ಅರ್ಧಕ್ಕರ್ಧ ಎಂಬುದನ್ನು ಅಡಿಗೆರೆ ಹಾಕಿ ಓದಬೇಕು. ಮದ್ದಿನ ಮೇಲೂ ಹೊಂದಿಕೊಂಡಿದೆ. ಅದೇ ಅಮೆರಿಕದ ಪರೀಕ್ಷೆಯಲ್ಲಿ ಪ್ಯಾಕ್ಲಿಟ್ಯಾಕ್ಸೆಲ್ ಜಾತಿಯ ಮದ್ದು ಪಡೆದವರಲ್ಲಿ ನೂರಕ್ಕೆ 59 ಮಂದಿಗೆ ಕೂದಲು ಉಳಿದರೆ, ಅಡ್ರಿಯಾಮೈಸಿನ್ ಜಾತಿಯ ಮದ್ದು ಪಡೆದವರಲ್ಲಿ 16 ಮಂದಿಗೆ ಮಾತ್ರ ಉಳಿಯಿತು. ಹುಬ್ಬು, ರೆಪ್ಪೆಯ ಕೂದಲಿಗೆ ಟೋಪಿಯಿಂದ ಏನೂ ಪ್ರಯೋಜನವಿಲ್ಲ. ಮದ್ದು ಶುರುವಾಗುವ ಅರ್ಧ ಗಂಟೆ ಮೊದಲೇ ಹಾಕಿ ಕೂರಬೇಕು, ಮದ್ದು ಮುಗಿದ ಮೇಲೂ ಒಂದೂವರೆ ಗಂಟೆಯಷ್ಟು ತೆಗೆಯಬಾರದು. ಮೊದಲ ಹತ್ತು ನಿಮಿಷ ತಲೆ ಸಿಡಿಯುವಂಥ ಚಳಿ, ಕೆಲವರಿಗೆ ತಲೆನೋವು. ತಡೆಯಲಾರದೆ ಅರ್ಧದಲ್ಲೇ ಕಿತ್ತಿಟ್ಟವರೂ ಇದ್ದಾರೆ. ರಕ್ತದ ಕ್ಯಾನ್ಸರಿನವರಿಗೆ ಇದನ್ನು ಹಾಕುವುದೇ ಇಲ್ಲ. ತಂಪು ಮಾಡಿದ ಜಾಗಕ್ಕೆ ಮದ್ದು ಹೋಗದೆ ಅಲ್ಲೇ ಕ್ಯಾನ್ಸರ್ ಉಳಿದೀತು ಅಂತ ಮೊದಲು ಒಂದು ಭಯವಿತ್ತು. ಸ್ತನ ಕ್ಯಾನ್ಸರಿನಲ್ಲಿ ಹಾಗೆ ಆಗುವುದು ತೀರಾ ಅಪರೂಪ, ಟೋಪಿ ಹಾಕಿದವರಿಗೂ ಹಾಕದವರಿಗೂ ಅದರಲ್ಲಿ ವ್ಯತ್ಯಾಸ ಕಂಡುಬಂದಿಲ್ಲ.

ಧಕ್ಕೆಯಲ್ಲಿ ಐಸಿಗೆ ಬರವಿಲ್ಲ, ಒಂದು ತುಂಡು ಬಟ್ಟೆಯಲ್ಲಿ ಕಟ್ಟಿ ತಲೆಗಿಟ್ಟರೆ ಆಗದೇ ಅಂತ ಕೇಳುವವರುಂಟು. ಆಗುವುದಿಲ್ಲ. ಒಂದು ಕಡೆ ಚರ್ಮ ಸುಟ್ಟಂತಾಗಿ ಬೊಬ್ಬೆ ಬರುತ್ತದೆ, ಇನ್ನೊಂದು ಕಡೆ ತಂಪೇ ತಾಗಿರುವುದಿಲ್ಲ.

ಬಿಲ್ಲು ಯಾರ ಲೆಕ್ಕಕ್ಕೆ?

ಇಂಥ ಯಂತ್ರಗಳು ಮುಂಬಯಿ, ಬೆಂಗಳೂರಿನ ಕೆಲವು ಖಾಸಗಿ ಆಸ್ಪತ್ರೆಗಳಿಗೆ ಬಂದು ವರ್ಷಗಳಾದವು. ಕೊಡುವವರಿಗೆ ಟೋಪಿ, ಉಳಿದವರಿಗೆ ಸೆರಗು ಎಂಬಂತಾಗಿದೆ.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ 2018ರಿಂದ ಉಂಟು. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಎಪಿಎಲ್‌ನವರಿಗೆ ಪ್ಯಾಕೇಜಿನ ಶೇ. 30, ಅದೂ ಒಂದೂವರೆ ಲಕ್ಷದವರೆಗೆ. ಇದರಿಂದ ಎಷ್ಟೋ ಮನೆಗಳ ಅಡಿಕೆ ತೋಟ, ಕತ್ತಿನ ಸರ ಉಳಿದಿದೆ. ಅದನ್ನು ಒಪ್ಪಬೇಕು. ಆದರೆ ಪ್ಯಾಕೇಜು ಅಂದರೆ ಮದ್ದು, ಹಾಸಿಗೆ, ಆಪರೇಶನ್. ಕೂದಲು ಅದರ ಲೆಕ್ಕಕ್ಕೆ ಬರುವುದಿಲ್ಲ. ಗಡಿಯಾಚೆಯ ಕಾಸರಗೋಡಿನವರಿಗೆ ಕರ್ನಾಟಕದ ಕಾರ್ಡಂತೂ ಇಲ್ಲವೇ ಇಲ್ಲ. 2023ರಿಂದ ಹೆಂಗಸರಿಗೆ ಸರಕಾರಿ ಬಸ್ಸು ಫ್ರೀ ಆದರೂ ಈ ಊರಿನ ಸಿಟಿ ಬಸ್ಸುಗಳು ಬಹುಪಾಲು ಖಾಸಗಿಯವರದ್ದೇ. ಹಾಗಾಗಿ ದೇರಳಕಟ್ಟೆಗೆ ಹೋಗಿ ಬರುವ ಟಿಕೆಟಿನ ದುಡ್ಡನ್ನೂ ಎಣಿಸುವ ಹೆಂಗಸಿಗೆ ಟೋಪಿಯ ಬಾಡಿಗೆ ಕೊಡು ಅಂದರೆ ಅವಳು ಸುಮ್ಮನೆ ಎದ್ದು ಹೋಗುತ್ತಾಳೆ.

ಆಡಳಿತದವರ ವಾದವೂ ಉಂಟು. ಸುಳ್ಳಲ್ಲ. ಕೀಮೋ ಕುರ್ಚಿಗಳು ಕಡಿಮೆ, ಸರದಿ ಉದ್ದ. ಟೋಪಿ ಹಾಕಿದರೆ ಒಬ್ಬರೇ ಎರಡು ಗಂಟೆ ಹೆಚ್ಚು ಕುರ್ಚಿ ಹಿಡಿಯುತ್ತಾರೆ. ನರ್ಸು ಬಂದು ಅಳತೆ ನೋಡಿ, ಕೂದಲು ಒದ್ದೆ ಮಾಡಿ, ಟೋಪಿ ತಲೆಗೆ ಸರಿಯಾಗಿ ಅಂಟುವಂತೆ ಕಟ್ಟಬೇಕು. ಸಡಿಲಾದ ಜಾಗದ ಕೂದಲು ಹೋಗಿಯೇ ಹೋಗುತ್ತದೆ. ಹಾಗಿದ್ದರೆ ಎಲ್ಲರಿಗೂ ಹಾಕುವುದು ಬೇಡ. ಫಲ ಜಾಸ್ತಿ ಇರುವ ಮದ್ದಿನವರಿಗೆ, ಅಂದರೆ ಪ್ಯಾಕ್ಲಿಟ್ಯಾಕ್ಸೆಲ್ ಜಾತಿಯ ಮದ್ದೊಂದನ್ನೇ ಪಡೆಯುವವರಿಗೆ ಮೊದಲು ಹಾಕಲಿ. ಒಂದು ಯಂತ್ರದಲ್ಲಿ ಇಬ್ಬರಿಗೆ ಒಟ್ಟಿಗೆ ಹಾಕುವ ಮಾದರಿಯೂ ಉಂಟು. ವಾರಕ್ಕೆ ಎರಡು ದಿನ ಅಂತ ಇಟ್ಟರೂ ಶುರುವಾದಂತಾಯಿತು.

ದುಡ್ಡು ಎಲ್ಲಿಂದ ಅಂದರೆ, ಬ್ರಿಟನ್ನಿನಲ್ಲೇ ಸರಕಾರಿ ಆಸ್ಪತ್ರೆಗಳ ಎಷ್ಟೋ ಟೋಪಿ ಯಂತ್ರಗಳು ಸರಕಾರದ ದುಡ್ಡಿನಲ್ಲಿ ಬಂದದ್ದಲ್ಲ. ವಾಕ್ ದಿ ವಾಕ್ ಎಂಬ ದಾನ ಸಂಸ್ಥೆ ನಡಿಗೆ ಏರ್ಪಡಿಸಿ ದುಡ್ಡು ಎತ್ತಿ ತೆಗೆದುಕೊಟ್ಟದ್ದು. ಮಂಗಳೂರಿಗೆ ಇದೇನು ಹೊಸತಲ್ಲ. ಲೇಡಿಗೋಶನ್ ಆಸ್ಪತ್ರೆಯ ಹೊಸ ಕಟ್ಟಡಕ್ಕೆ ಎಂಆರ್‌ಪಿಎಲ್ ಹಣ ಕೊಟ್ಟದ್ದು ಊರಿಗೆ ಗೊತ್ತು. ಬಂದರು ಉಂಟು, 1924ರಲ್ಲಿ ಇಲ್ಲೇ ಹುಟ್ಟಿದ ಕರ್ಣಾಟಕ ಬ್ಯಾಂಕ್ ಉಂಟು, ರೋಟರಿ, ಲಯನ್ಸ್ ಉಂಟು. ಲಾಭದ ಶೇ. 2ನ್ನು ಸಮಾಜದ ಕೆಲಸಕ್ಕೆ ಕೊಡಬೇಕೆಂದು 2013ರ ಕಂಪೆನಿ ಕಾಯಿದೆಯೇ ಹೇಳುತ್ತದೆ. ಬಸ್ ಸ್ಟಾಂಡಿನ ಇನ್ನೊಂದು ತಂಗುದಾಣಕ್ಕೆ ಹೆಸರು ಬರೆಸುವ ಬದಲು ಒಂದು ಯಂತ್ರ ಕೊಡಿ ಅಂತ ಕೇಳುವವರು ಬೇಕು, ಅಷ್ಟೇ.

ಎಣ್ಣೆ, ವಿಗ್ಗು, ಫೋಟೊ

ನಿಜವಾದ ಟೋಪಿ ಹಾಕುವವರು ಬೇರೆಯೇ ಇದ್ದಾರೆ. "ಕೀಮೋದಲ್ಲೂ ಕೂದಲು ಉದುರದ ಎಣ್ಣೆ" ಅಂತ ಮಾರುವವರು. ಗರುಗ ಹಾಕಿ ಕಾಯಿಸಿದ ತೆಂಗಿನೆಣ್ಣೆ ತಲೆಗೆ ತಂಪು, ಹಚ್ಚಲು ಹಿತ. ಆದರೆ ಕೀಮೋ ಮದ್ದು ರಕ್ತದ ದಾರಿಯಲ್ಲಿ ಕೂದಲ ಬುಡಕ್ಕೆ ಬರುತ್ತದೆ, ಮೇಲೆ ಹಚ್ಚಿದ ಎಣ್ಣೆ ಅದನ್ನು ತಡೆಯುವುದಿಲ್ಲ. ಬಯೋಟಿನ್ ಗುಳಿಗೆಯೂ ಉದುರುವುದನ್ನು ನಿಲ್ಲಿಸಿದ ದಾಖಲೆಯಿಲ್ಲ. ಅದು ಜಾಸ್ತಿಯಾದರೆ ಥೈರಾಯ್ಡ್ ಮುಂತಾದ ರಕ್ತಪರೀಕ್ಷೆಯ ಫಲಿತಾಂಶವೇ ತಪ್ಪಾಗುವುದುಂಟು. ಮಿನಾಕ್ಸಿಡಿಲ್ ಮದ್ದನ್ನು ಅಮೆರಿಕದಲ್ಲಿ ಸ್ತನ ಕ್ಯಾನ್ಸರಿನ 22 ಹೆಂಗಸರಿಗೆ ಹಚ್ಚಿ ನೋಡಿದ ವರದಿ 1996ರಲ್ಲಿ ಬಂತು. ಉದುರುವುದು ನಿಲ್ಲಲಿಲ್ಲ. ಬೋಳಾಗಿದ್ದ ಕಾಲ ಮಾತ್ರ ಐವತ್ತು ದಿನದಷ್ಟು ಕಡಿಮೆಯಾಯಿತು. ಅಷ್ಟನ್ನು ಅಷ್ಟೇ ಅಂತ ಹೇಳಿ ಮಾರಿದರೆ ಯಾರ ತಕರಾರೂ ಇಲ್ಲ.

ಇನ್ನು ವಿಗ್ಗು. ಕೇಶದಾನ ಈಗ ಕರಾವಳಿಯಲ್ಲಿ ದೊಡ್ಡ ಸುದ್ದಿ. ಕಾಲೇಜು ಹುಡುಗಿಯರು, ಸಣ್ಣ ಮಕ್ಕಳು, ಕೂದಲು ಬೆಳೆಸಿದ ಗಂಡುಹುಡುಗರೂ ಕ್ಯಾನ್ಸರ್ ರೋಗಿಗಳಿಗೆಂದು ಜಡೆ ಕತ್ತರಿಸಿ ಕೊಡುತ್ತಾರೆ, ಪೇಪರಿನಲ್ಲಿ ಫೋಟೊ ಬರುತ್ತದೆ. ಮನಸ್ಸು ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ಜಡೆಯಿಂದ ಒಂದು ವಿಗ್ಗಾಗುವುದಿಲ್ಲ, ಹಲವು ಜಡೆ ಬೇಕು. ಹೊಲಿಯುವ ಕೆಲಸದ ಕೂಲಿ ಬೇರೆ. ಹಾಗಾಗಿ ಕೊಟ್ಟ ಜಡೆ ಎಲ್ಲಿಗೆ ಹೋಯಿತು, ಯಾವ ಆಸ್ಪತ್ರೆಗೆ ಎಷ್ಟು ವಿಗ್ಗು ಬಂತು ಎಂಬ ಲೆಕ್ಕವೂ ಫೋಟೊದ ಪಕ್ಕದಲ್ಲಿ ಬರಬೇಕು. ವಿಚಿತ್ರವೆಂದರೆ ಕೂದಲಿಗೆ ಈ ದೇಶದಲ್ಲಿ ಬರವೇ ಇಲ್ಲ. ತಿರುಪತಿಯ ಮುಡಿ ಹರಾಜಿನಲ್ಲಿ ಕೋಟಿಗಟ್ಟಲೆಗೆ ಹೋಗುತ್ತದೆ. ಕರ್ನಾಟಕದಲ್ಲೇ ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಬಾಚಣಿಗೆಯಲ್ಲಿ ಉದುರಿದ ಕೂದಲನ್ನೂ ಬಿಡಿಸಿ, ತೊಳೆದು, ಕಟ್ಟು ಕಟ್ಟಿ ಹೊರದೇಶಕ್ಕೆ ಕಳಿಸುವ ಕಸುಬು ಉಂಟು. ಅಷ್ಟಿದ್ದೂ ಕೀಮೋ ವಾರ್ಡಿನ ಬಡವಿಗೆ ಸಿಗುವುದು ಒಂದು ಮಾಸಿದ ಸ್ಕಾರ್ಫು.

ಮೇ ತಿಂಗಳ ಮಂಗಳೂರಿನ ಸೆಕೆಯಲ್ಲಿ ವಿಗ್ಗು ಹಾಕಿಕೊಂಡು ಬಸ್ಸಿನಲ್ಲಿ ನಿಲ್ಲುವುದು ಶಿಕ್ಷೆ ಎಂಬುದೂ ನಿಜ. ಮನೆಯಲ್ಲಿ ತೆಳು ಹತ್ತಿ ಬಟ್ಟೆ, ಹೊರಗೆ ಹೋಗುವಾಗ ವಿಗ್ಗು ಅಂತ ಮಾಡಿಕೊಳ್ಳುವವರೇ ಹೆಚ್ಚು. ಕೂದಲು ಇರುವಾಗಲೇ ಗಿಡ್ಡ ಮಾಡಿಸಿ, ಆ ಕೂದಲಿನ ಬಣ್ಣಕ್ಕೆ ಹೊಂದುವ ವಿಗ್ಗು ನೋಡಿಟ್ಟರೆ ಒಳ್ಳೆಯದು. ಕೀಮೋ ಮುಗಿದ ಮೇಲೆ ಕೂದಲು ಮತ್ತೆ ಬರುತ್ತದೆ. ಮೂರರಿಂದ ಆರು ತಿಂಗಳಲ್ಲಿ ತಲೆ ತುಂಬುತ್ತದೆ, ಕೆಲವರಿಗೆ ಮೊದಲು ನೆಟ್ಟಗಿದ್ದದ್ದು ಗುಂಗುರಾಗಿ ಬರುವುದೂ ಉಂಟು. ಡೋಸಿಟ್ಯಾಕ್ಸೆಲ್ ಪಡೆದ ಕೆಲವೇ ಮಂದಿಗೆ ಪೂರ್ತಿ ಬರದೆ ಉಳಿಯುತ್ತದೆ. ಅದನ್ನು ಮೊದಲೇ ಹೇಳಿಬಿಡುವುದು ಡಾಕ್ಟರರ ಕರ್ತವ್ಯ. ಇಷ್ಟು ಮಾತಾಡಲು ಯಂತ್ರವೂ ಬೇಡ, ಬಜೆಟ್ಟೂ ಬೇಡ. ಹತ್ತು ನಿಮಿಷ ಬೇಕು. ಹೊರರೋಗಿ ವಿಭಾಗದ ಗಲಾಟೆಯಲ್ಲಿ ಆ ಹತ್ತು ನಿಮಿಷವೇ ಸಿಗುವುದಿಲ್ಲ.

ಟೋಪಿ ಹಾಕಿಸಿಕೊಳ್ಳುವ ಮನಸ್ಸಿದ್ದವರು ಒಂದು ವಿಷಯ ನೆನಪಿಡಬೇಕು. ಅದನ್ನು ಮೊದಲ ಕೀಮೋದ ದಿನದಿಂದಲೇ ಹಾಕಬೇಕು. ಕೂದಲು ಉದುರಲು ಶುರುವಾದ ಮೇಲೆ, ಎರಡನೇ ಮೂರನೇ ಸರದಿಗೆ ಹಾಕಿದರೆ ಪ್ರಯೋಜನವಿಲ್ಲ. ಆದ್ದರಿಂದ ಆಸ್ಪತ್ರೆಯಲ್ಲಿ ಕೇಳುವುದಿದ್ದರೆ ಮದ್ದಿನ ಚೀಟಿ ಬರೆಯುವ ದಿನವೇ ಕೇಳಬೇಕು: ಕೊಡುವ ಮದ್ದು ಯಾವುದು, ಅದಕ್ಕೆ ಟೋಪಿ ಫಲ ಕೊಡುತ್ತದೋ ಇಲ್ಲವೋ, ಯಂತ್ರ ಇಲ್ಲಿ ಉಂಟೋ ಬೇರೆ ಕಡೆಯೋ, ಒಂದು ಸಲಕ್ಕೆ ಎಷ್ಟು, ಕಾರ್ಡಿನಲ್ಲಿ ಬರುತ್ತದೋ ಕೈಯಿಂದ ಕೊಡಬೇಕೋ. ಕೇಳಿದವರಿಗೆ ಇಲ್ಲ ಅಂತ ಉತ್ತರ ಬಂದರೂ ನಷ್ಟವಿಲ್ಲ. ದಿನಕ್ಕೆ ಹತ್ತು ಮಂದಿ ಕೇಳತೊಡಗಿದರೆ ಆಡಳಿತದವರ ಫೈಲಿಗೂ ಅದು ಒಂದು ದಿನ ಬರುತ್ತದೆ.